ಪಕ್ಕದವರಿಗೆ ಗೊತ್ತಾಗದಂಥ ಹಾಸಿಗೆ

ಊಟಕ್ಕೆ ಕೂತ ಮೇಲೆ ಅಳಿಲು ತನ್ನ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನೀರಿನ ಲೋಟದ ಪಕ್ಕ ಇಟ್ಟಳು. ಅವಳ ಅಮ್ಮ ಬಿಚ್ಚಿ ನೋಡಿದರೆ ಒಳಗೆ ಕನ್ನಡಕದ ಒಂದು ಗಾಜು. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು.

“ಏನೇ ಇದು?”

“ಸಾಣೆಗೆ ಹಿಡಿದಿದ್ದೆ. ತೂಕಡಿಕೆ ಬಂತು. ಹೋಯ್ತು.”

“ಅಂಗಡಿ ಯಜಮಾನ್ರು ಏನಂದ್ರು?”

“ಏನೂ ಅನ್ಲಿಲ್ಲ. ಬೆರಳು ನೆಟ್ಟಗಿದೆಯಲ್ಲ ಅಷ್ಟು ಸಾಕು, ಹೋಗಿ ಮುಖ ತೊಳ್ಕೊಂಡು ಬಾ ಅಂದ್ರು. ಬೈದಿದ್ರೇ ಚೆನ್ನಾಗಿತ್ತು.”

ಆ ಮನೆಯಲ್ಲಿದ್ದದ್ದು ನಾಲ್ಕು ಜನ. ಅಜ್ಜಿ, ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುವ ಆಕೆಯ ಮಗ, ಆಸ್ಪತ್ರೆ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದಿನವಿಡೀ ಚಾದರ ಮಡಚುವ ಸೊಸೆ, ಮತ್ತು ಮೊಮ್ಮಗಳು ಅಳಿಲು. ಚಿಕ್ಕವಳಿದ್ದಾಗ ಏನು ಕೊಟ್ಟರೂ ಎರಡೂ ಕೈಯಲ್ಲಿ ಹಿಡಿದು ಕಡಿಯುತ್ತಿದ್ದಳೆಂದು ಅಳಿಲು ಎಂಬ ಹೆಸರು ಬಿದ್ದಿತ್ತು. ಕನ್ನಡಕದಂಗಡಿಯಲ್ಲಿ ಗಾಜುಗಳನ್ನು ಫ್ರೇಮಿಗೆ ತಕ್ಕಂತೆ ಸಾಣೆ ಹಿಡಿಯುವ ಕೆಲಸಕ್ಕೆ ಸೇರಿದ ಮೇಲೂ ಆ ಹೆಸರು ಉದುರಿರಲಿಲ್ಲ.

ಅಜ್ಜಿಯೂ ಅಳಿಲೂ ಮಲಗುತ್ತಿದ್ದದ್ದು ಹಿಂದಿನ ಕೋಣೆಯ ಒಂದೇ ಮಂಚದಲ್ಲಿ. ಅದರ ಮೇಲಿನ ಸ್ಪ್ರಿಂಗ್ ಹಾಸಿಗೆ ಅಳಿಲಿಗಿಂತ ಹಳೆಯದು. ನಡುವೆ ಜಗ್ಗಿಹೋಗಿ, ಯಾವ ಅಂಚಿನಲ್ಲಿ ಮಲಗಿದರೂ ಬೆಳಗಾಗುವ ಹೊತ್ತಿಗೆ ಇಬ್ಬರೂ ತಗ್ಗಿಗೆ ಉರುಳಿ ಬಂದಿರುತ್ತಿದ್ದರು. “ಬಾವಿಗೆ ಬಿದ್ದೋರು ಎದ್ರಾ?” ಎಂದು ಮಗ ದಿನಾ ಬೆಳಿಗ್ಗೆ ಕೂಗುತ್ತಿದ್ದ. ಈಚೆಗೆ ಅಜ್ಜಿಗೆ ಸೊಂಟದ ನೋವು. ಒಂದೇ ಮಗ್ಗುಲಿಗೆ ಹೆಚ್ಚು ಹೊತ್ತು ಮಲಗಲಾಗದೆ ಆಕೆ ಹೊರಳಿದಾಗಲೆಲ್ಲ ಹಾಸಿಗೆ ಕಿರುಗುಟ್ಟಿ, ಪಕ್ಕದಲ್ಲಿದ್ದ ಹುಡುಗಿ ದೋಣಿಯಲ್ಲಿ ಕೂತವಳಂತೆ ಮೇಲೆ ಕೆಳಗೆ ಆಗುತ್ತಿದ್ದಳು.

ಸೊಸೆ ಗಾಜನ್ನು ಮತ್ತೆ ಸುತ್ತಿಟ್ಟಳು. “ಇವತ್ತು ಗಾಜು, ನಾಳೆ ಬೆರಳು. ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಹಾಲ್‌ನಲ್ಲಿ ಮಲಗಿ. ಸೋಫಾ ಈಚೆಗೆ ಎಳೆದು, ಗೋಡೆ ಪಕ್ಕ ಬೆಚ್ಚಗೆ ಹಾಸ್ಕೊಡ್ತೀನಿ. ನಿಮ್ಗೂ ಆರಾಮ, ಅವಳ್ಗೂ ಆರಾಮ.”

ಅಜ್ಜಿ ಕೈಯಲ್ಲಿದ್ದ ಆಲೂಗಡ್ಡೆಯ ತುತ್ತನ್ನು ತಟ್ಟೆಗೆ ಇಳಿಸಿದಳು. ಸೊಸೆ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ಆಕೆಗೆ ಗೊತ್ತು. ಆದರೂ ಆ ಮಂಚದ ಜಾಗ ಬಿಟ್ಟುಕೊಡುವುದು ಆಕೆಗೆ ಆಗದ ಮಾತು. ತಾತ ತೀರಿಕೊಂಡ ವಾರ, ಇನ್ನೂ ಹಲ್ಲು ಬೀಳುವ ವಯಸ್ಸಿನ ಹುಡುಗಿ ತನ್ನ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ತಾನಾಗಿ ಬಂದು ತಾತ ಮಲಗುತ್ತಿದ್ದ ಕಡೆ ಮಲಗಿದ್ದಳು, ಯಾರೂ ಹೇಳಿರಲಿಲ್ಲ. ಅಂದಿನಿಂದ ಅವಳ ಬದುಕಿನ ಸುದ್ದಿಯೆಲ್ಲ ಅಜ್ಜಿಗೆ ತಲುಪಿದ್ದು ಆ ಹಾಸಿಗೆಯಲ್ಲೇ. ಹುಡುಗಿ ಹೊರಳಿದರೆ ಸಾಕು, “ಯಾಕೆ, ನಿದ್ದೆ ಬರ್ಲಿಲ್ವಾ?” ಎಂದು ಅಜ್ಜಿ ಕೇಳುವಳು. “ಏನಿಲ್ಲ” ಎಂದು ಶುರುವಾದದ್ದು ಗೆಳತಿಯ ಜಗಳಕ್ಕೋ, ಕಣ್ಣು ತಪ್ಪಿಸಿ ನೋಡಿದ ಸಿನಿಮಾಕ್ಕೋ ಬಂದು ನಿಲ್ಲುತ್ತಿತ್ತು. ಅಜ್ಜಿ ಕೆಲಸದಲ್ಲಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಉಸಿರು ಕೇಳಿಯೇ ಆ ಕಡೆ ಇರುವವರು ಏನು ಹೇಳಲು ಹಿಂಜರಿಯುತ್ತಿದ್ದಾರೆಂದು ಅಂದಾಜು ಮಾಡುವವಳು ಎಂದು ಅಲ್ಲಿ ಆಕೆಗೆ ಹೆಸರಿತ್ತು.

“ಅಜ್ಜಿ ಇಲ್ದಿದ್ರೆ ನಂಗೆ ನಿದ್ದೆ ಬರಲ್ಲ” ಎಂದಳು ಅಳಿಲು.

“ಇದ್ರೂ ಬರ್ತಿಲ್ವಲ್ಲೇ!” ಎಂದಳು ಅವಳ ಅಮ್ಮ.

ಮಗ ಇಬ್ಬರ ನಡುವೆ ಕೈ ಅಡ್ಡ ಹಿಡಿದ. “ಮನುಷ್ಯರನ್ನ ಯಾಕೆ ಬದಲಾಯಿಸ್ತೀರಿ? ಹಾಸಿಗೆ ಬದಲಾಯಿಸೋಣ. ನಾನು ಮೀಟರ್ ಓದೋ ಒಂದು ಮನೇಲಿ ಫೋಮ್ ಹಾಸಿಗೆ ತಂದಿದಾರೆ. ಒಬ್ಬರು ಹೊರಳಿದ್ರೆ ಪಕ್ಕದೋರಿಗೆ ಗೊತ್ತೇ ಆಗಲ್ವಂತೆ.”

“ಹಾಗೆಲ್ಲ ಇರುತ್ತಾ?” ಎಂದು ಕೇಳಿದ ಅಜ್ಜಿಯ ದನಿಯಲ್ಲಿದ್ದ ಆಸೆ ಸೊಸೆಗೆ ತಿಳಿಯಿತು. ಆಕೆಯ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ಮಗ ಒಂದು ಬಲ್ಬು ಕೊಳ್ಳಬೇಕಾದರೂ ಮೂರು ಅಂಗಡಿ ಹತ್ತಿಳಿಯುವ ಜಾತಿ. ಹಾಸಿಗೆಯೆಂದ ಮೇಲೆ ಕೇಳಬೇಕೆ? ಮೀಟರ್ ಓದಿ ಮುಗಿಸಿ, ಬಾಗಿಲಲ್ಲೇ ನಿಂತು, “ಒಂದು ಮಾತು, ನೀವು ಯಾವುದರ ಮೇಲೆ ಮಲಗ್ತೀರಿ?” ಎಂದು ವಿಚಾರಿಸತೊಡಗಿದ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಒಳಗೆ ಕರೆದು ಒತ್ತಿ ನೋಡಲು ಬಿಟ್ಟರು. ಒಂದು ಮನೆಯಲ್ಲಿ ನಾಯಿ ಹಾಸಿಗೆ ಬಿಟ್ಟು ಇಳಿಯಲೊಪ್ಪದಿದ್ದಾಗ, ಅದರ ಪಕ್ಕದಲ್ಲೇ ಕೂತು ಪರೀಕ್ಷೆ ಮಾಡಿ ಬಂದನಂತೆ.

“ಕರೆಂಟಿನೋನು ಹೆಂಗಸರ ಹಾಸಿಗೆ ವಿಚಾರಿಸ್ತಾನೆ ಅಂತ ಯಾರಾದ್ರೂ ದೂರು ಕೊಟ್ಟಾರು ರೀ” ಎಂದು ಸೊಸೆ ರೇಗಿಸಿದಳು.

“ಗಂಡಸರನ್ನೂ ಕೇಳ್ತಿದೀನಿ. ಅವರು ಎಲ್ಲಿ ಬಿದ್ಕೊಂಡ್ರೂ ನಿದ್ದೆ ಬರುತ್ತೆ ಅಂತಾರೆ. ಪ್ರಯೋಜನ ಇಲ್ಲ.”

ರಜೆಯ ದಿನಗಳಲ್ಲಿ ನಾಲ್ವರೂ ಅಂಗಡಿಗಳಿಗೆ ಹೊರಟರು. ಮೊದಲನೆಯ ಅಂಗಡಿಯಲ್ಲಿ ತೋರಿಸಿದ್ದು ಸಾದಾ ಫೋಮ್, ಬೆಣ್ಣೆಯಂತೆ ಮೆತ್ತಗೆ. ಅಜ್ಜಿ ಮಲಗಿದ ಕೂಡಲೇ ಸೊಂಟ ಕೆಳಗಿಳಿದು ಕಾಲು ಮೇಲೆ ಬಂದವು. “ಇದೂ ಬಾವಿಯೇ. ಹೊಸ ಬಾವಿ, ಅಷ್ಟೇ” ಎಂದಳು. ಇನ್ನೊಂದು ಕಡೆ ಮೆಮೊರಿ ಫೋಮ್. ಅಂಗೈ ಒತ್ತಿ ತೆಗೆದರೆ ಐದು ಬೆರಳಿನ ಗುರುತೂ ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು.

“ನಿಮ್ಮ ಮೈ ಆಕಾರವನ್ನ ಇದು ನೆನಪಿಟ್ಕೊಳ್ಳುತ್ತೆ ಮೇಡಂ” ಎಂದ ಅಂಗಡಿಯವನು.

“ನಮ್ಮನೇಲಿ ಎಲ್ಲಾ ನೆನಪಿಟ್ಕೊಳ್ಳೋಕೆ ನಾನೊಬ್ಬಳು ಇದೀನಿ, ಸಾಕು” ಎಂದಳು ಸೊಸೆ. ಆಮೇಲೆ ದನಿ ತಗ್ಗಿಸಿ ಗಂಡನಿಗೆ, “ಹೋಟೆಲಿನೋರು ಹಾಕಿರೋದು ಇದೇ. ಬೇಸಿಗೇಲಿ ಚಾದರದ ನಡುವೆ ಬೆವರಿನ ಕಲೆ ಹಾಗೇ ಕೂತಿರುತ್ತೆ. ಬೇಡ” ಎಂದಳು. ಅದರಿಂದ ಅಜ್ಜಿಯನ್ನು ಎಬ್ಬಿಸಲು ಒಂದು ಕೈ ಮಗ, ಇನ್ನೊಂದು ಕೈ ಮೊಮ್ಮಗಳು ಹಿಡಿದು ಎಳೆಯಬೇಕಾಯಿತು. ರಬ್ಬರಿನದು ಅಜ್ಜಿಯ ಸೊಂಟಕ್ಕೆ ಹಿಡಿಸಿತು. ಆದರೆ ಆಕೆ ಕೂತರೆ ಅಳಿಲು ಪುಟಿದಳು, ಅಳಿಲು ಕೂತರೆ ಆಕೆ ಪುಟಿದಳು. ಇಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಅದೂ ಬೇಡವಾಯಿತು.

ಕೊನೆಗೆ ಸಿಕ್ಕಿದ್ದು ಎರಡು ಪದರದ್ದು: ಕೆಳಗೆ ಗಟ್ಟಿ ಫೋಮ್, ಮೇಲೆ ಮೆತ್ತನೆಯದು. ಆ ಅಂಗಡಿಯವನು ಸಮಾಧಾನಿ. ಅಜ್ಜಿ ಮಂಡಿ ಬಗ್ಗಿಸಲು ಕಷ್ಟಪಡುವುದನ್ನು ನೋಡಿ ತಾನೇ ಕೂತು ಚಪ್ಪಲಿ ಕಳಚಿಕೊಟ್ಟ. ಅಳಿಲಿಗೆ ಕಣ್ಣು ಮುಚ್ಚಿ ಒಂದು ಬದಿ ಮಲಗಲು ಹೇಳಿದ. “ಅಜ್ಜಿ ಅಲುಗಾಡಿದ್ದು ಗೊತ್ತಾದ್ರೆ ಬೆರಳೆತ್ತಮ್ಮ” ಎಂದ.

ಅಜ್ಜಿ ಎಡಕ್ಕೆ ಹೊರಳಿದಳು. ಬಲಕ್ಕೆ ಹೊರಳಿದಳು. ಎದ್ದು ಕೂತು ಮತ್ತೆ ಮಲಗಿದಳು. ಹುಡುಗಿಯ ಬೆರಳು ಏಳಲೇ ಇಲ್ಲ.

“ಶುರು ಮಾಡಿದ್ರಾ?” ಎಂದು ಅಳಿಲು ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಸೊಸೆಗೂ ನಗು ತಡೆಯಲಾಗಲಿಲ್ಲ. ಮಗ ಪರೀಕ್ಷೆ ಪಾಸಾದವನಂತೆ ಎದೆಯುಬ್ಬಿಸಿದ. ಅಜ್ಜಿಗೆ, ತನ್ನ ಜಾಗ ತನಗೆ ಉಳಿಯಿತು ಎಂದು ಹೃದಯ ತುಂಬಿಬಂತು.

ಹಾಸಿಗೆ ಮನೆಗೆ ಬಂದ ಮೇಲೆ ನೋಡಿದರೆ ಅದು ಹಳೆಯದಕ್ಕಿಂತ ಒಂದು ಗೇಣು ದಪ್ಪ. ಮಂಚದ ಮೇಲೆ ಕೂತರೆ ಅಜ್ಜಿಯ ಕಾಲು ನೆಲಕ್ಕೆ ಎಟುಕಲಿಲ್ಲ. ಮಗ ಉದ್ದ ಅಗಲ ಎಲ್ಲಾ ಅಳೆದಿದ್ದ, ಎತ್ತರ ಮರೆತಿದ್ದ. “ಅಳತೆಯೇ ನಿಮ್ಮ ಕೆಲಸ!” ಎಂದು ಸೊಸೆ ಹಣೆ ಚಚ್ಚಿಕೊಂಡಳು. ಅವನು ಪಕ್ಕದ ಮನೆಯಿಂದ ಗರಗಸ ತಂದು, ಮಂಚವನ್ನು ಅಂಗಳದಲ್ಲಿ ಮಗುಚಿಹಾಕಿ, ಸಂಜೆಯವರೆಗೂ ನಾಲ್ಕೂ ಕಾಲು ಕೊಯ್ದ. ಒಂದು ಕಾಲು ಹೆಚ್ಚು ಕೊಯ್ದುಹೋಗಿ ಅದರ ಕೆಳಗೆ ರಟ್ಟು ಮಡಚಿ ಇಡಬೇಕಾಯಿತು. ಬೈಯುತ್ತಲೇ ಸೊಸೆ ಅವನ ಕೂದಲಿನಿಂದ ಮರದ ಹೊಟ್ಟು ಕೊಡವಿದಳು. ಹಳೆಯ ಹಾಸಿಗೆಯನ್ನು ಗುಜರಿಯವನು ಹೊತ್ತುಕೊಂಡು ಹೋದ.

ಮೊದಲ ವಾರ ಮನೆಯಲ್ಲಿ ಹಬ್ಬದ ಗೆಲುವು. “ನಿದ್ದೆ ಬಂತಾ?” ಎಂದು ಸೊಸೆ ಬೆಳಗಿನ ಚಹಾ ಕೊಡುತ್ತ ಕೇಳುವಳು. “ಕಲ್ಲು ಬಂಡೆ ಹಾಗೆ” ಎನ್ನುವಳು ಅಳಿಲು. “ನಂಗೂ” ಎನ್ನುವಳು ಅಜ್ಜಿ. ಅಳಿಲಿನ ಮಾತು ನಿಜವಾಗಿತ್ತು. ಅಜ್ಜಿಯದು ಅರ್ಧ ನಿಜ. ಸೊಂಟ ಹಗುರಾಗಿತ್ತು, ಆದರೆ ವಯಸ್ಸಾದವರ ನಿದ್ದೆ ಎಷ್ಟು? ಎಚ್ಚರವಿದ್ದಾಗಲೂ ಆಕೆ ಹೊರಳುತ್ತಿರಲಿಲ್ಲ. ಅಂಗಡಿಯ ಪರೀಕ್ಷೆ ಅಂಗಡಿಗೆ, ಮನೆಯಲ್ಲಿ ಎಲ್ಲಾದರೂ ಅಲುಗಿಬಿಟ್ಟರೆ ಮತ್ತೆ ಹಾಲ್‌ನ ಮಾತು ಬಂದೀತು ಎಂದು ಹೆದರಿ, ಗೋಡೆಯ ಕಡೆ ಮುಖ ಮಾಡಿ, ಉಸಿರನ್ನೂ ಅಳೆದು ಬಿಡುತ್ತ ಮಲಗುವಳು. ಪಕ್ಕದಿಂದ ಒಂದು ಅಲುಗಾಟವಿಲ್ಲ, ಒಂದು ಸದ್ದಿಲ್ಲ. ಕೂಸು ಎಷ್ಟು ಚೆನ್ನಾಗಿ ಮಲಗಿದೆ ಎಂದುಕೊಳ್ಳುವಳು.

ತಿಂಗಳಾಗುತ್ತ ಬಂದಾಗ ಸೊಸೆ ಒಂದು ಸಂಜೆ ಬಟ್ಟೆ ಒಣಹಾಕುತ್ತ ಕೇಳಿದಳು, “ಅತ್ತೆ, ಅಳಿಲು ನಿಮ್ಹತ್ರ ಏನಾದ್ರೂ ಹೇಳಿದ್ಲಾ?”

“ಯಾಕೆ?”

“ಊಟ ಅರ್ಧಕ್ಕೇ ಬಿಡ್ತಾಳೆ. ಮಾತಾಡಿಸಿದ್ರೆ ಹೂಂ, ಊಹೂಂ. ನಾನು ಕೇಳಿದ್ರೆ ಜಗಳ ಆಗುತ್ತೆ. ನಿಮ್ಹತ್ರ ಆದ್ರೆ ಬಾಯಿ ಬಿಡ್ತಾಳೆ.”

ಅಜ್ಜಿ ಬಟ್ಟೆಗೆ ಕ್ಲಿಪ್ಪು ಹಾಕುತ್ತಿದ್ದಳು. ತನ್ನನ್ನು ಕೇಳಿದ್ದು ಆಕೆಗೆ ಹೆಮ್ಮೆಯಾಯಿತು. “ಏನೂ ಇಲ್ಲಮ್ಮ. ಪಕ್ಕದಲ್ಲಿ ಮಲಗೋಳು ನಾನು, ನಂಗೆ ಗೊತ್ತಾಗಲ್ವಾ? ತಲೆ ಇಟ್ರೆ ಸಾಕು, ನಿದ್ದೆ. ಒಂದು ಸಲ ಹೊರಳಲ್ಲ. ಚಿಂತೆ ಇದ್ದೋರು ಹಾಗೆ ಮಲಗ್ತಾರಾ?”

“ಅದೂ ಸರಿ. ನೀವು ಹೇಳಿದ್ಮೇಲೆ ಸರಿ” ಎಂದು ಸೊಸೆ ನೆಮ್ಮದಿಯಿಂದ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಇನ್ನಷ್ಟು ದಿನ ಕಳೆದ ಮೇಲೆ ಅಜ್ಜಿಯ ಕನ್ನಡಕದ ಕಡ್ಡಿ ಸಡಿಲವಾಯಿತು. ಪೇಟೆಗೆ ಹೋದವಳು ಅಳಿಲಿನ ಅಂಗಡಿಗೇ ಹೋದಳು. ಅಳಿಲು ಆಸ್ಪತ್ರೆಗೆ ಕನ್ನಡಕ ಕೊಡಲು ಹೋಗಿದ್ದಳು. ಯಜಮಾನರು ತಾವೇ ಕುರ್ಚಿ ಎಳೆದು ಕೂರಿಸಿ, ತಿರುಪು ಬಿಗಿ ಮಾಡಿ, ಕೇಳದೆಯೇ ಗಾಜುಗಳನ್ನು ತಮ್ಮ ಬಟ್ಟೆಯಿಂದ ಒರೆಸಿದರು.

“ನಿಮ್ಮ ಮೊಮ್ಮಗಳ ಕೈ ತುಂಬಾ ಚೊಕ್ಕ ಅಮ್ಮ. ಅದಕ್ಕೇ ನಂಗೆ ಬೇಜಾರು. ನೀವೆಲ್ಲ ಒಪ್ಪಿದ್ರೆ ಚೆನ್ನಾಗಿತ್ತು.”

“ಯಾವುದಕ್ಕೆ?”

ಅವರು ಒರೆಸುವುದನ್ನು ನಿಲ್ಲಿಸಿದರು. “ಕಣ್ಣು ಪರೀಕ್ಷೆ ಕಲಿಸೋ ತರಬೇತಿ. ಬೇರೆ ಊರಲ್ಲಿ, ಒಂದು ವರ್ಷ. ಅಂಗಡಿಯಿಂದ ಒಬ್ಬರನ್ನ ಕಳಿಸಬಹುದಿತ್ತು. ವಾಪಸ್ ಬಂದ್ರೆ ಸಾಣೆ ಮುಂದೆ ಕೂರೋ ಹಾಗಿರಲಿಲ್ಲ, ಇಲ್ಲೇ ಕಣ್ಣು ನೋಡೋ ಕುರ್ಚಿ. ಮನೇಲಿ ಕೇಳಿ ಹೇಳ್ತೀನಿ ಅಂದ್ಲು. ಎರಡು ವಾರ ಕಾದೆ. ಆಮೇಲೆ ಆಗಲ್ಲ ಸರ್ ಅಂದ್ಲು. ಮನೇಲಿ ಬೇಡ ಅಂದಿರಬೇಕು ಅಂದ್ಕೊಂಡೆ. ಇನ್ನೊಬ್ಬ ಹುಡುಗ ಇದ್ದ, ಅವನನ್ನ ಕಳಿಸಿದೆ. ಹೋಗಿಯಾಯ್ತು.”

ಮನೆಯಲ್ಲಿ ಯಾರನ್ನೂ ಕೇಳಿಲ್ಲ ಎನ್ನಲು ಅಜ್ಜಿಗೆ ಬಾಯಿ ಬರಲಿಲ್ಲ. “ಹೌದು ಸ್ವಾಮಿ, ಮನೆ ಅಂದ್ಮೇಲೆ ನೂರೆಂಟು ಇರುತ್ತೆ” ಎಂದು ಹೇಳಿ ಕನ್ನಡಕ ಹಾಕಿಕೊಂಡು ಹೊರಬಿದ್ದಳು. ಬಸ್ಸಿನಲ್ಲಿ ಯಾರೋ ಜಾಗ ಬಿಟ್ಟುಕೊಟ್ಟದ್ದೂ ಆಕೆಗೆ ಗೊತ್ತಾಗಲಿಲ್ಲ. ನಿಂತೇ ಬಂದಳು.

ಅಳಿಲು ಕೆಲಸ ಮುಗಿಸಿ ಬಂದಾಗ ಅಜ್ಜಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

“ನಿಮ್ಮ ಅಂಗಡಿಗೆ ಹೋಗಿದ್ದೆ.”

ಹುಡುಗಿಯ ಕೈ ನಿಂತಿತು. ಮತ್ತೆ ಸುಲಿಯತೊಡಗಿತು. “ಯಜಮಾನ್ರು ಹೇಳಿದ್ರಾ?”

“ಮನೇಲಿ ಕೇಳ್ತೀನಿ ಅಂದಿದ್ಯಂತೆ. ಯಾರನ್ನ ಕೇಳಿದೆ?”

“ಅಮ್ಮನ್ನ ಕೇಳಿದ್ರೆ ಎದುರು ಪ್ರಶ್ನೆ ನೂರು. ಅಪ್ಪನ್ನ ಕೇಳಿದ್ರೆ ದೇಶದಲ್ಲಿರೋ ತರಬೇತಿನೆಲ್ಲ ಹೋಲಿಸಿ ನೋಡ್ಬೇಕು ಅಂತಾರೆ.” ಸ್ವಲ್ಪ ನಕ್ಕಳು. “ನಿನ್ನ ಕೇಳೋಣ ಅಂತಿದ್ದೆ.”

“ಮತ್ತೆ ಕೇಳ್ಲಿಲ್ಲ?”

“ನೀನು ನಿದ್ದೆ ಮಾಡ್ತಿದ್ದೆ.”

ಅಜ್ಜಿ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದಳು.

“ದಿನಾ ಕಾಯ್ತಿದ್ದೆ ಅಜ್ಜಿ. ಬೇಕಂತಲೇ ಹೊರಳ್ತಿದ್ದೆ. ನೀನು ಮೊದಲಿನ ಹಾಗೆ ಕೇಳಿದ್ರೆ ಹೇಳಿಬಿಡೋಣ ಅಂತ. ನೀನು ಆ ಕಡೆ ತಿರುಗಿ ಅಲುಗದೆ ಮಲಗಿರ್ತಿದ್ದೆ. ಸೊಂಟನೋವು ಇಲ್ದೆ ಈಗಷ್ಟೇ ನಿದ್ದೆ ಕಂಡಿದೀಯ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಒಂದೆರಡು ಸಲ ಅತ್ತೂಬಿಟ್ಟೆ. ನಿಂಗೆ ಕೇಳಿಸಬಾರದು ಅಂತ ದಿಂಬು ಕಚ್ಕೊಂಡಿದ್ದೆ.”

“ನಾನು ಎಚ್ಚರ ಇದ್ದೆ ಕಣೇ.”

ಅಳಿಲು ತಿರುಗಿ ನೋಡಿದಳು.

“ದಿನಾ ಎಚ್ಚರ ಇರ್ತಿದ್ದೆ. ನಾನು ಹೊರಳಿದ್ರೆ ನಿನ್ನ ನಿದ್ದೆ ಕೆಡುತ್ತೆ ಅಂತ ಕಟ್ಟಿಗೆ ಹಾಗೆ ಬಿದ್ದಿದ್ದೆ. ನೀನು ಅಲುಗಿದ್ದು ನಂಗೆ ಒಂದು ಚೂರೂ ಬರ್ಲಿಲ್ಲ. ಲೈನೇ ಸತ್ತುಹೋಗಿತ್ತು.”

ಅಳಿಲು ಅಜ್ಜಿಯ ಸೆರಗಿಗೆ ಅಂಟಿದ್ದ ಸಿಪ್ಪೆಯೊಂದನ್ನು ತೆಗೆದು ಹಾಕಿದಳು. ಅದನ್ನು ಅವಳು ಎಷ್ಟು ಮೃದುವಾಗಿ ಮಾಡಿದಳೆಂದರೆ ಅಜ್ಜಿಗೆ ಅದೇ ತಡೆಯಲಾಗಲಿಲ್ಲ.

“ಹಗಲು ಹೊತ್ತು ಹೇಳಬಾರದಿತ್ತಾ ತಾಯಿ? ನಾನೆಲ್ಲಿಗೆ ಹೋಗ್ತಿದ್ದೆ?”

“ಹಗಲು ಹೊತ್ತಲ್ಲಿ ಆ ಹಾಸಿಗೆ ಕಾಣ್ತಿತ್ತಲ್ಲ. ಅಪ್ಪ ಮನೆಮನೆ ಸುತ್ತಿ, ಅಮ್ಮ ರಜೆ ಎಲ್ಲ ಕಳೆದು, ಮಂಚದ ಕಾಲು ಕೊಯ್ದು, ನಮ್ಮಿಬ್ಬರಿಗೆ ಅಂತ ತಂದಿದ್ದು. ತಂದು ಎರಡು ವಾರ ಆಗಿಲ್ಲ, ನಾನು ಎದ್ದು ಬೇರೆ ಊರಿಗೆ ಹೋಗ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾನು ಹೋದ್ಮೇಲೆ ನಿನ್ನ ಹಾಲ್‌ಗೆ ಹಾಕಿದ್ರೆ?”

“ನಾನೇನು ಕುರ್ಚಿನಾ, ಹಾಕೋಕೆ!”

“ಈಗ ಹಾಗಂತೀಯ.” ಅವಳು ಒಂದು ಕಾಯನ್ನು ಬಿಡಿಸದೆ ಕೈಯಲ್ಲೇ ಹಿಡಿದುಕೊಂಡಿದ್ದಳು. “ಅಜ್ಜಿ, ಕೇಳಿದ್ರೆ ಏನು ಹೇಳ್ತಿದ್ದೆ?”

ಹೋಗು ಎನ್ನುತ್ತಿದ್ದೆ ಎಂದು ಹೇಳಲು ಅಜ್ಜಿ ಬಾಯಿ ತೆರೆದಳು. ಅಂಗಡಿಯಲ್ಲಿ ಅಂಗಾತ ಮಲಗಿ, ಜಾಗ ಉಳಿಯಿತೆಂದು ಹಿಗ್ಗಿದ್ದು ನೆನಪಾಯಿತು. ಮಾತು ಬರುವಷ್ಟರಲ್ಲಿ ಒಂದಿಷ್ಟು ಹೊತ್ತು ಸರಿದುಹೋಯಿತು.

“ಹೋಗು ಅಂತಿದ್ದೆ.”

“ಹ್ಞೂಂ” ಎಂದಳು ಅಳಿಲು. ತಡವಾದದ್ದು ಇಬ್ಬರಿಗೂ ತಿಳಿದಿತ್ತು. ಅಜ್ಜಿಗೆ ನೋವಾಗದಿರಲೆಂದು ಹುಡುಗಿ ಆ ಕಾಯನ್ನು ಬಿಡಿಸಿ, ನಾಲ್ಕು ಕಾಳನ್ನು ಆಕೆಯ ಬಾಯಿಗೇ ಹಾಕಿದಳು.

ರಾತ್ರಿಯ ಊಟಕ್ಕೆ ಮೊದಲು ಅಜ್ಜಿ ಸೊಸೆಯನ್ನು ಒಲೆಯ ಬಳಿ ಹಿಡಿದು ಎಲ್ಲವನ್ನೂ ಹೇಳಿದಳು. “ನೀನು ಕೇಳಿದ್ದಾಗ ನಂಗೆ ಗೊತ್ತು ಅಂದ್ಬಿಟ್ಟೆ. ಗೊತ್ತಿರ್ಲಿಲ್ಲ” ಎಂದಳು. ಸೊಸೆಗೆ ಕೋಪ ಬಂದದ್ದು ಕಾಣಿಸಿತು. ಸೌಟನ್ನು ಕೆಳಗಿಟ್ಟಳು, ಎತ್ತಿಕೊಂಡಳು. ಮತ್ತೆ, “ಹೆತ್ತೋಳು ನಾನು. ಇನ್ನೊಂದು ಸಲ ನಾನೇ ಕೇಳಬೇಕಿತ್ತು. ಹೋಗಿ ಕೂತ್ಕೊಳ್ಳಿ ಅತ್ತೆ, ತಟ್ಟೆ ಹಾಕ್ತೀನಿ” ಎಂದಳು. ಮಾರನೆಯ ದಿನ ಲಾಂಡ್ರಿಗೆ ಹೋಗುವ ದಾರಿಯಲ್ಲಿ ಅವಳು ಕನ್ನಡಕದಂಗಡಿಗೂ ಹೋಗಿ ಬಂದಳು. ಇನ್ನೊಬ್ಬರನ್ನು ಕಳಿಸುವ ಅವಕಾಶ ಯಜಮಾನರಿಗಿರಲಿಲ್ಲ.

ಆ ವಾರದ ರಜೆಯ ದಿನ ಮಗ ಅತಿಥಿಗಳನ್ನು ಕರೆದುಕೊಂಡು ಬಂದ. ಅವನು ಮೀಟರ್ ಓದುವ ಸಾಲಿನಲ್ಲಿದ್ದ ಬೇಕರಿಯವನು ಮತ್ತು ಅವನ ಹೆಂಡತಿ. ಕೈಯಲ್ಲಿ ಬಿಸಿ ಬ್ರೆಡ್ಡಿನ ಕಟ್ಟು. ಗಂಡ ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಬೇಕು, ಅವನು ಎದ್ದಾಗಲೆಲ್ಲ ಇವಳ ನಿದ್ದೆ ಹಾಳು. ಅಂಥದೇ ಹಾಸಿಗೆ ಕೊಳ್ಳುವ ಮೊದಲು ನೋಡಿಹೋಗೋಣ ಎಂದು ಬಂದಿದ್ದರು. ಮಗನಿಗೆ ತರಬೇತಿಯ ಸುದ್ದಿ ಗೊತ್ತಾಗಿತ್ತು. ಆದರೆ ಅದಕ್ಕೂ ಹಾಸಿಗೆಗೂ ಸಂಬಂಧವಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದು ಮೂವರೂ ಮಾತಾಡಿಕೊಳ್ಳದೆಯೇ ತೀರ್ಮಾನಿಸಿದ್ದರು.

ಅವನು ಹೊದಿಕೆ ಸರಿಸಿ ಪದರಗಳನ್ನು ತೋರಿಸಿದ. ಬೇಕರಿಯವನು ಹಿಟ್ಟು ನಾದುವ ಕೈಯಲ್ಲಿ ಹಾಸಿಗೆಯನ್ನು ಒತ್ತಿ, “ಹದವಾಗಿದೆ” ಎಂದ. ಅಳಿಲು ಬಾಗಿಲಿಗೆ ಒರಗಿ ನಿಂತಿದ್ದಳು. ಬೇಕರಿಯವನ ಹೆಂಡತಿ ಮಾತ್ರ ಅಜ್ಜಿಯ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು.

“ಅಂಗಡಿಯೋರು ಸಾವಿರ ಹೇಳ್ತಾರೆ ಅಮ್ಮ. ನೀವು ಮಲಗಿ ನೋಡಿದೋರು. ಪಕ್ಕದೋರು ಏನು ಮಾಡಿದ್ರೂ ನಿಜವಾಗ್ಲೂ ಗೊತ್ತಾಗಲ್ವಾ?”

“ಹೇಳಮ್ಮ, ನೀನೇ ಹೇಳು” ಎಂದು ಮಗ ಹಿಗ್ಗಿನಿಂದ ಆಕೆಯ ಮುಖ ನೋಡಿದ.

“ಇಲ್ಲಮ್ಮ” ಎಂದಳು ಅಜ್ಜಿ. “ಹೊರಳಿದ್ರೂ ಗೊತ್ತಾಗಲ್ಲ. ಎದ್ದು ಕೂತ್ರೂ ಗೊತ್ತಾಗಲ್ಲ. ಪಕ್ಕದಲ್ಲಿದ್ದೋರು ಅತ್ರೂ ಗೊತ್ತಾಗಲ್ಲ.”

ಬೇಕರಿಯವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಜ್ಜಿ ತಮಾಷೆಯವರು ಎಂದುಕೊಂಡಿರಬೇಕು. ಗಂಡನ ಕಡೆ ತಿರುಗಿ, “ಹಾಗಾದ್ರೆ ನಮಗೂ ಇದೇ ಇರ್ಲಿ ರೀ” ಎಂದಳು.